ಪ್ರವಾಸಕ್ಕೆ ಮೈಸೂರೇ ಬೇಕಾ? ಚಿಕ್ಕ ಮಕ್ಕಳಿಗೆ ನಮ್ಮ ಬಾಗಲಕೋಟೆ, ವಿಜಯಪುರ ಸುತ್ತ ಏನು ಮಾಡಿಸಬಹುದು, ಹೇಳಿ

ಬಿಳಿಜೋಳ (ಬಾದಾಮಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಕಲಿಸುತ್ತೇನೆ. ದಸರಾ ರಜೆ ಮುಗಿದ ಕೂಡಲೇ ಪ್ರವಾಸದ ಮಾತು ಶುರುವಾಗುತ್ತದೆ. ಮೈಸೂರು, ಇಲ್ಲಾಂದ್ರೆ ಗೋಕರ್ಣ, ಮುರ್ಡೇಶ್ವರ. ದುಡ್ಡು ಕೊಡಲು ಆಗುವ ಮನೆಯ ಮಕ್ಕಳು ಹೋಗುತ್ತಾರೆ. ಆಗದವರು ಆ ದಿನಗಳಲ್ಲಿ ಶಾಲೆಯ ಕಡೆಯೇ ಬರುವುದಿಲ್ಲ. ಹೋಗಿ ಬಂದವರನ್ನು ಏನು ನೋಡಿದ್ರಿ ಅಂತ ಕೇಳಿದರೆ ಬಸ್ಸಿನಲ್ಲಿ ಹಾಕಿದ ಹಾಡು, ಯಾರು ವಾಂತಿ ಮಾಡಿಕೊಂಡರು, ಯಾರ ಚಪ್ಪಲಿ ಕಳೆಯಿತು, ಇಷ್ಟೇ ಬರುತ್ತದೆ. ಅದೂ ಬೇಕು, ಮಕ್ಕಳು ಖುಷಿಪಡಲಿ. ಆದರೆ ಬಸ್ಸಿನ ಮುಂದೆ 'ಶೈಕ್ಷಣಿಕ ಪ್ರವಾಸ' ಅಂತ ಬ್ಯಾನರ್ ಕಟ್ಟುತ್ತೇವಲ್ಲ, ಆ ಮಾತಿಗಾದರೂ ಮರ್ಯಾದೆ ಬೇಡವೇ?

ಈ ವರ್ಷ ಬೇರೆ ಥರ ಮಾಡಬೇಕು ಅಂದುಕೊಂಡಿದ್ದೇನೆ. ದೂರದ ಒಂದು ಪ್ರವಾಸದ ಬದಲು ಹತ್ತಿರದಲ್ಲೇ ಆಗಾಗ ಹೊರಗೆ ಹೋಗುವುದು. ತರಗತಿಯ ಎಲ್ಲ ಮಕ್ಕಳೂ ಬರಬೇಕು. ಹೋಗುವಾಗ ಕೈಯಲ್ಲಿ ಒಂದು ಕೆಲಸ ಇರಬೇಕು. ಬಂದ ಮೇಲೆ ಆ ಕೆಲಸ ತರಗತಿಯಲ್ಲಿ ಮುಂದುವರಿಯಬೇಕು. ಮುಖ್ಯ ಗುರುಗಳು ಹೂಂ ಅಂದಿದ್ದಾರೆ. ಜೊತೆಯ ಶಿಕ್ಷಕರು ಮಾತ್ರ "ಮೊದಲು ಓದು ಬರಹ ಬರಲಿ, ಆಮೇಲೆ ತಿರುಗಾಟ" ಅನ್ನುತ್ತಾರೆ.

ಎಲ್ಲಿಗೆ ಹೋಗಬಹುದು, ಏನು ಕೆಲಸ ಕೊಡಬಹುದು, ಪೋಷಕರಿಗೆ ಏನು ಹೇಳಬಹುದು? ಮಾಡಿ ನೋಡಿದವರು ದಯವಿಟ್ಟು ಹೇಳಿ. ಸುಮ್ನೆ "ಒಳ್ಳೆ ಕೆಲಸ ಮೇಡಂ" ಅಂತ ಬರೆದು ಹೋಗಬೇಡಿ.

ನವನಗರದ ಅಪ್ಪ

ಅಕ್ಕೋರೆ, ಪ್ರವಾಸ ಬಿಡಿ, ಮೊದಲು ಈ ಪ್ರಾಜೆಕ್ಟ್ ಬಗ್ಗೆ ಮಾತಾಡೋಣ. ಮಗಳು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸು. ಒಂದು ಸಂಜೆ ವಾಟ್ಸಾಪ್‌ನಲ್ಲಿ ಸಂದೇಶ ಬಂತು: ಅಣೆಕಟ್ಟಿನ ಮಾದರಿ ಮಾಡಿಕೊಂಡು ಬರಬೇಕು, ನಾಳೆಗೆ. ಸ್ಟೇಷನರಿ ಅಂಗಡಿಗೆ ಓಡಿ ಥರ್ಮಾಕೋಲ್, ನೀಲಿ ಹಾಳೆ, ಐಸ್‌ಕ್ರೀಂ ಕಡ್ಡಿ ತಂದೆ. ಅಂಗಡಿಯವನು "ರೆಡಿಮೇಡೂ ಐತಿ ನೋಡ್ರಿ ಸರ್" ಅಂದ! ಆಲಮಟ್ಟಿಗೆ 26 ಗೇಟು. ಅಷ್ಟನ್ನೂ ಕೂತು ಅಂಟಿಸಿದವನು ನಾನು. ಮಗಳು ಆಗಲೇ ಮಲಗಿದ್ದಳು. ಮರುದಿನ ಅವಳ ಕೈಗೆ ಸ್ಟಾರ್ ಹಾಕಿ ಕಳಿಸಿದರು. ನ್ಯಾಯವಾಗಿ ಅದು ನನಗೆ ಬರಬೇಕಿತ್ತು.

ನಗು ಇರಲಿ. ನಮ್ಮಪ್ಪನ ಮನೆ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. ಅದೇ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಮುಳುಗಡೆ ಪರಿಹಾರ, ನವನಗರದ ಸೈಟು, ಒಂದೇ ಓಣಿಯ ಜನ ಬೇರೆ ಬೇರೆ ಸೆಕ್ಟರಿಗೆ ಚದುರಿದ್ದು, ಎಲ್ಲ ಅವರಿಗೆ ಬಾಯಿಪಾಠ. ಆ ರಾತ್ರಿ ಪಕ್ಕದ ಕೋಣೆಯಲ್ಲೇ ಇದ್ದರು. "ಅಜ್ಜನನ್ನು ಕೇಳಿಕೊಂಡು ಬಾ" ಅಂತ ಶಾಲೆ ಒಂದು ಮಾತು ಹೇಳಿದ್ದರೆ ಥರ್ಮಾಕೋಲ್ ದುಡ್ಡಾದರೂ ಉಳಿಯುತ್ತಿತ್ತು.

ಬಿಳಿಜೋಳ

ಸರ್, ನೀವು ಹೇಳಿದ್ದೇ ಪ್ರಾಜೆಕ್ಟ್. ಮಗು ಅಜ್ಜನ ಹತ್ತಿರ ಕೂತು ಹಳೇ ಓಣಿಯ ನಕಾಶೆ ಬರೆಯಲಿ. ಮನೆ ಎಲ್ಲಿ, ಗುಡಿ ಎಲ್ಲಿ, ನೀರು ತರುತ್ತಿದ್ದುದು ಎಲ್ಲಿಂದ, ಸಂತೆ ಎಲ್ಲಿ. ಅದೇ ಓಣಿಯ ಇನ್ನೊಂದು ಮಗು ಇದ್ದರೆ ಅದರ ಅಜ್ಜಿಯಿಂದ ಇನ್ನೊಂದು ನಕಾಶೆ ಬರುತ್ತದೆ. ಎರಡೂ ಹೊಂದುವುದಿಲ್ಲ. ಯಾರದು ಸರಿ ಅಂತ ಮಕ್ಕಳು ವಾದ ಮಾಡುತ್ತಾರಲ್ಲ, ಅಲ್ಲಿಂದ ಇತಿಹಾಸದ ಪಾಠ ಶುರು. ಅಂಗಡಿಯಲ್ಲಿ ಇದು ರೆಡಿಮೇಡ್ ಸಿಗುವುದಿಲ್ಲ.

ಇಬ್ಬರೇ ಶಿಕ್ಷಕರು (ಹುನಗುಂದ ತಾಲ್ಲೂಕು)

ಓದಲಿಕ್ಕೆ ಚೆಂದ ಇದೆ. ನಮ್ಮ ಶಾಲೆಯ ಲೆಕ್ಕ ಹೇಳುತ್ತೇನೆ, ಕೇಳಿ. ಒಂದರಿಂದ ಐದನೇ ತರಗತಿ, ಶಿಕ್ಷಕರು ಇಬ್ಬರು. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಮೀಟಿಂಗು. ಒಬ್ಬರು ರಜೆ ಹಾಕಿದರೆ ಇಡೀ ಶಾಲೆಗೆ ಒಬ್ಬರೇ. ನಾನು ನಾಲ್ಕನೇ ತರಗತಿಯನ್ನು ಹೊರಗೆ ಕರೆದುಕೊಂಡು ಹೋದರೆ ಉಳಿದ ಮಕ್ಕಳನ್ನು ನೋಡುವವರು ಯಾರು?

ಎರಡನೇದು ಹೊಣೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಹುಡುಗಿಯರು ತೀರಿಕೊಂಡರು. ಜೊತೆಗಿದ್ದ ಶಿಕ್ಷಕರ ಮೇಲೆ ಕೇಸಾಯಿತು. ಅವತ್ತಿನಿಂದ ನಮ್ಮ ಮನೆಯವರು ಪ್ರವಾಸ ಅಂದರೆ ಸಾಕು, "ನೀವು ಮಾತ್ರ ಹೋಗಬೇಡಿ" ಅನ್ನುತ್ತಾರೆ.

ಮೂರನೇದು, ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಈಗ ನಡೆಯುವ ಹೊರಸಂಚಾರದಲ್ಲಿ ಅರ್ಧ ಗ್ರೂಪಿಗೆ ಫೋಟೊ ಹಾಕಲಿಕ್ಕೆ. ಮಕ್ಕಳನ್ನು ಸಾಲಾಗಿ ನಿಲ್ಲಿಸು, ಕೈಯಲ್ಲಿ ಗಿಡ ಕೊಡು, ಫೋಟೊ ಹೊಡಿ. ಗಿಡಕ್ಕೆ ಮರುದಿನ ನೀರು ಹಾಕಿದವರ ಫೋಟೊ ನಾನಂತೂ ನೋಡಿಲ್ಲ.

ಹಳೇ ಮಾಸ್ತರ (ವಿಜಯಪುರ)

ಹುನಗುಂದದ ಗುರುಗಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಅವರ ಮನಸ್ಸಿನಲ್ಲಿ ಇರುವುದು ಬಸ್ಸು. ನಾನು ಬಸ್ಸೇ ಇಲ್ಲದ ಹೊರಸಂಚಾರದ ಬಗ್ಗೆ ಹೇಳುತ್ತೇನೆ. ಮೊದಲು ಬಸ್ಸಿನ ಕಥೆ ಮುಗಿಸಿಬಿಡುತ್ತೇನೆ.

ಗೋಳಗುಮ್ಮಟಕ್ಕೆ ದಿನಾ ಬರುವ ಶಾಲೆಗಳನ್ನು ನೋಡಿ. ಮಕ್ಕಳು ಮೆಟ್ಟಿಲು ಹತ್ತುತ್ತಾರೆ, ಕೂಗುತ್ತಾರೆ, ಇಳಿಯುತ್ತಾರೆ. ಎಲ್ಲರೂ ಒಟ್ಟಿಗೆ ಕೂಗಿದರೆ ಅಲ್ಲಿ ಏನೂ ಕೇಳುವುದಿಲ್ಲ, ಗದ್ದಲ ಅಷ್ಟೇ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹಿಯ ಗೋರಿ ಅದು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಈ ಬದಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಬದಿಗೆ ಕೇಳುತ್ತದೆ. ಶಾಲೆಯ ಮೈದಾನದಲ್ಲಿ ಮೊದಲು ಹಗ್ಗ ಹಿಡಿದು 38 ಮೀಟರ್ ಅಳೆಯಿರಿ. ಈ ತುದಿಯ ಹುಡುಗಿ ಪಿಸುಗುಟ್ಟಲಿ, ಆ ತುದಿಯ ಹುಡುಗನಿಗೆ ಕೇಳುವುದಿಲ್ಲ. ಆಮೇಲೆ ಗುಮ್ಮಟಕ್ಕೆ ಬನ್ನಿ, ಬೆಳಿಗ್ಗೆ ಬೇಗ, ಜನ ಇಲ್ಲದಾಗ. ಇಲ್ಲಿ ಯಾಕೆ ಕೇಳಿತು ಅಂತ ಅವರೇ ಕೇಳುತ್ತಾರೆ. ನೀವು ಧ್ವನಿಯ ಪಾಠ ಎತ್ತುವುದೇ ಬೇಡ.

ಈಗ ಬಸ್ಸಿಲ್ಲದ್ದು. ಶಾಲೆಯ ನಲ್ಲಿಯಿಂದ ಶುರು ಮಾಡಿ. ಈ ನೀರು ಎಲ್ಲಿಂದ ಬಂತು? ಪೈಪಿನ ಜಾಡು ಹಿಡಿದು ಓಣಿಯಲ್ಲಿ ನಡೆಯಿರಿ. ಓವರ್‌ಹೆಡ್ ಟ್ಯಾಂಕು, ಅದರಾಚೆ ಬೋರ್‌ವೆಲ್ಲು ಅಥವಾ ನದಿ. ನೀರುಗಂಟಿ ಸಿಕ್ಕರೆ ಅವನೇ ಅವತ್ತಿನ ಗುರು. ವಾಲ್ವ್ ಯಾವಾಗ ತಿರುಗಿಸುತ್ತೀ, ನಮ್ಮ ಓಣಿಗೆ ಯಾಕೆ ಕಡಿಮೆ ಬರುತ್ತದೆ, ಕರೆಂಟ್ ಹೋದರೆ ಏನು ಮಾಡುತ್ತೀ? ಮಕ್ಕಳು ಮೊದಲು ಕೇಳುವುದು ಇದನ್ನೇ. ನಮ್ಮ ವಿಜಯಪುರದ ಮಕ್ಕಳಾದರೆ ಇಲ್ಲಿಂದ ಇನ್ನೊಂದು ಹೆಜ್ಜೆ ಇಡಬಹುದು. ಆದಿಲ್ ಶಾಹಿ ಕಾಲದಲ್ಲಿ ಪಂಪು ಇರಲಿಲ್ಲ. ತೊರವಿ ಕಡೆಯಿಂದ, ಬೇಗಂ ತಲಾಬಿನಿಂದ ನೆಲದಡಿಯಲ್ಲೇ ನೀರು ಊರಿಗೆ ಬರುತ್ತಿತ್ತು. ನಡುನಡುವೆ ಗಂಜ್ ಅಂತ ಕಲ್ಲಿನ ಗೋಪುರಗಳು. ನೀರಿನ ಒತ್ತಡ ತಗ್ಗಲಿ, ಹೂಳು ಕೆಳಗೆ ಕೂರಲಿ ಅಂತ. ಕೆಲವು ಈಗಲೂ ನಿಂತಿವೆ. ತಾಜ್ ಬಾವಡಿ ತೋರಿಸಿ "ರಾಜ ಕಟ್ಟಿಸಿದ ಬಾವಿ" ಅಂದರೆ ಮಕ್ಕಳು ಇಣುಕಿ ನೋಡಿ ಮುಂದೆ ಹೋಗುತ್ತಾರೆ. ನಲ್ಲಿಯ ಜಾಡು ಹಿಡಿದು ಬಂದ ಮಕ್ಕಳು ಹಾಗೆ ಹೋಗುವುದಿಲ್ಲ.

ಇದೆಲ್ಲ ಹೊಸದೇನಲ್ಲ. 1937ರಲ್ಲೇ ಗಾಂಧೀಜಿ ವಾರ್ಧಾದಲ್ಲಿ ಕೈಕೆಲಸದ ಮೂಲಕ ಕಲಿಕೆ ಅಂದರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ (ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಶುರುವಾದಾಗಲೂ ಮಗುವಿನ ಸುತ್ತಲಿನದರಿಂದ ಪಾಠ ಕಟ್ಟುವುದೇ ಅದರ ಜೀವಾಳ. ಆಮೇಲೆ ಅದರಲ್ಲಿ ಉಳಿದದ್ದು ಕಾರ್ಡುಗಳು ಮತ್ತು ತಟ್ಟೆಗಳು. ಅದು ಬೇರೆ ಚರ್ಚೆ, ಬಿಡಿ.

ಇಬ್ಬರೇ ಶಿಕ್ಷಕರು

ನಲ್ಲಿಯದು ಆಗಬಹುದು ಗುರುಗಳೇ. ಐದೂ ತರಗತಿಯನ್ನು ಒಟ್ಟಿಗೆ ಕರೆದುಕೊಂಡು ಹೋಗಬಹುದು, ಇಬ್ಬರೂ ಜೊತೆಗೇ ಇರುತ್ತೇವೆ. ಆದರೆ ಬಂದ ಮೇಲೆ? ನನ್ನ ಮೂರನೇ ತರಗತಿಯ ಕೆಲವು ಮಕ್ಕಳಿಗೆ ಒತ್ತಕ್ಷರ ಬರುವುದಿಲ್ಲ. ಅವರು ಏನು ವರದಿ ಬರೆಯುತ್ತಾರೆ?

ಹಳೇ ಮಾಸ್ತರ

ವರದಿ ಯಾಕೆ ಬೇಕು? ಒಂದನೇದವರು ನಲ್ಲಿಗಳನ್ನು ಎಣಿಸಲಿ. ಎರಡು, ಮೂರನೇದವರು ದಾರಿಯ ಚಿತ್ರ ಬರೆಯಲಿ, ಪ್ರತಿ ಚಿತ್ರಕ್ಕೆ ಒಂದೇ ಒಂದು ಪದ. ಒತ್ತಕ್ಷರ ಬರದವನು ಬಾಯಲ್ಲಿ ಹೇಳಲಿ, ನೀವು ಕಪ್ಪುಹಲಗೆಯ ಮೇಲೆ ಅವನು ಹೇಳಿದ ಹಾಗೇ ಬರೆಯಿರಿ. ತಿದ್ದಬೇಡಿ. ತನ್ನ ಬಾಯಿಂದ ಬಂದ ಮಾತನ್ನು ಮಗು ಬೇಗ ಓದುತ್ತದೆ. "ಟಾಕಿ ಮ್ಯಾಗ ಮಂಗ್ಯಾ ಕುಂತಿತ್ತು" ಅಂತ ಅಂದರೆ ಅದೇ ಅವತ್ತಿನ ಓದುಪಾಠ. ಐದನೇದವರು ನೀರುಗಂಟಿಯ ಮಾತನ್ನು ಬರೆದುಕೊಳ್ಳಲಿ, ದಿನಕ್ಕೆ ಎಷ್ಟು ಹೊತ್ತು ಯಾವ ಓಣಿಗೆ ನೀರು ಅಂತ ಪಟ್ಟಿ ಮಾಡಲಿ. ಒತ್ತಕ್ಷರ ಬಂದ ಮೇಲೆ ಹೊರಗೆ ಹೋಗೋಣ ಅಂತ ಕಾದರೆ ಹುಡುಗ ಏಳನೇ ತರಗತಿಗೆ ಹೋಗಿರುತ್ತಾನೆ.

ಕುಣಿಮಗ್ಗ (ಗುಳೇದಗುಡ್ಡ)

ನಾನು ಶಿಕ್ಷಕ ಅಲ್ಲ, ಖಣ (ರವಿಕೆ ಬಟ್ಟೆ) ನೇಯುವವನು. ನಮ್ಮ ಮನೆಗೂ ಶಾಲೆಯವರು ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಬರಲಿ, ನನಗೆ ಸಂತೋಷವೇ. ಆದರೆ ಕೆಲವು ಮಾತು ಮೊದಲೇ ಹೇಳುತ್ತೇನೆ.

ಮಗ್ಗ ಇರುವುದು ಮನೆಯೊಳಗೆ. ಕುಣಿಯಲ್ಲಿ ಕಾಲಿಟ್ಟು ಕೂರಬೇಕು, ಪಕ್ಕದಲ್ಲಿ ನಾಲ್ಕೈದು ಜನ ನಿಂತರೆ ಉಸಿರು ಕಟ್ಟುತ್ತದೆ. ಬಸ್ಸಿನ ತುಂಬ ಮಕ್ಕಳನ್ನು ತಂದು ಒಟ್ಟಿಗೆ ಒಳಗೆ ನುಗ್ಗಿಸಿದರೆ ಯಾರಿಗೂ ಏನೂ ಕಾಣುವುದಿಲ್ಲ. ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳ) ಮೇಲೆ ಒಂದು ಮಗು ಕೈ ಊರಿದರೆ ಎಳೆ ಹರಿಯುತ್ತವೆ. ಒಂದೊಂದೇ ಎಳೆ ಹುಡುಕಿ ಗಂಟು ಹಾಕುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನದ ಕೂಲಿ ಯಾವ ಪ್ರವಾಸದ ಖರ್ಚಿನ ಪಟ್ಟಿಯಲ್ಲೂ ಇರುವುದಿಲ್ಲ. ಸಣ್ಣ ಗುಂಪು ಮಾಡಿ ಬನ್ನಿ. ಒಂದು ಗುಂಪು ಮಗ್ಗದ ಹತ್ತಿರ, ಇನ್ನೊಂದು ಅಂಗಳದಲ್ಲಿ ನಮ್ಮವ್ವನ ಹತ್ತಿರ ಕಂಡಿಕೆ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತಲಿ. ಅವಳು ಮಕ್ಕಳನ್ನು ಬಿಟ್ಟು ಕೊಡುವುದಿಲ್ಲ, ಮಾತಾಡಿಸುತ್ತಲೇ ಇರುತ್ತಾಳೆ.

ಬಂದವರೆಲ್ಲ ಕೇಳುವ ಪ್ರಶ್ನೆ "ದಿನಕ್ಕೆ ಎಷ್ಟು ದುಡಿಯುತ್ತೀರಿ". ಶಿಕ್ಷಕರೇ ಹೇಳಿಕೊಟ್ಟು ಕರೆತಂದಿರುತ್ತಾರೆ. ಒಂದು ಸಲ ಒಬ್ಬಳು ಚಿಕ್ಕ ಹುಡುಗಿ ಮಾತ್ರ ಬೇರೆ ಕೇಳಿದಳು. "ಆನೆ ಹೆಜ್ಜೆ ಒಂದರ ಪಕ್ಕ ಒಂದು ಸರಿಯಾಗಿ ಬರುತ್ತಾವಲ್ರಿ, ನೀವು ಅಳತಿಪಟ್ಟಿ ಹಿಡಿಯೋದೇ ಇಲ್ಲ, ಹೆಂಗ?" ಅಂದಳು. ಉತ್ತರ ಹೇಳಲು ನನಗೇ ಹೊತ್ತು ಹಿಡಿಯಿತು. ಎಳೆ ಎಣಿಸುತ್ತೇವೆ, ಅಷ್ಟೇ. ಇಷ್ಟು ಎಳೆ ಮೇಲೆ, ಇಷ್ಟು ಕೆಳಗೆ, ಲಾಳಿ ಒಮ್ಮೆ ಹೋಗಿ ಬಂದರೆ ಒಂದು ಸಾಲು. ಆನೆ ಹೆಜ್ಜೆ, ತೇರು, ಸೂರ್ಯನಾರಾಯಣ, ಎಲ್ಲವೂ ಲೆಕ್ಕವೇ. ನಿಮ್ಮ ಮಕ್ಕಳಿಗೆ ಚೌಕುಳಿ ಹಾಳೆ ಕೊಟ್ಟು ಒಂದು ಖಣದ ಚಿತ್ತಾರ ತುಂಬಿಸಿ ನೋಡಿ. ಎಡಕ್ಕೂ ಬಲಕ್ಕೂ ಸಮ ಬರಬೇಕು. ಒಂದು ಮನೆ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಅವರಿಗೇ ಗೊತ್ತಾಗುತ್ತದೆ.

ಇಳಕಲ್ಲಿಗೆ ಹೋಗುವವರು ಸೀರೆಯ ಒಡಲಿಗೂ ಸೆರಗಿಗೂ ಹಾಸನ್ನು ಕೊಂಡಿ ಹಾಕಿ ಜೋಡಿಸುವುದನ್ನು ನೋಡಿ ಬನ್ನಿ. ಅದು ಆ ಊರಿನ ಕೈಚಳಕ, ನಮ್ಮದಲ್ಲ.

ಹೇಳೋದು ಮರೆತೆ, ಆ ಗುಂಪಿನಲ್ಲಿ ನನ್ನ ಮಗನೂ ಇದ್ದ. ತನ್ನ ಮನೆಗೇ ಪ್ರವಾಸ ಬಂದದ್ದಕ್ಕೆ ಅವನಿಗೆ ಭಾರೀ ಸಿಟ್ಟು. "ಎಲ್ಲರೂ ಆಲಮಟ್ಟಿಗೆ ಹೋಗ್ಯಾರ, ನಾವು ನಮ್ಮನೀಗೆ" ಅಂತ.

ಕೆರೂರಿನಾಕಿ

ಆ ಹುಡುಗನ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ತಾಯಿ. ಕೂಲಿಗೆ ಹೋಗುತ್ತೇನೆ, ಮಗ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಎಲ್ಲರೂ ದೊಡ್ಡ ಮಾತು ಆಡುತ್ತಿದ್ದೀರಿ. ನನ್ನ ಮಾತು ಒರಟು ಅನ್ನಿಸಿದರೆ ತಪ್ಪು ತಿಳಿಯಬೇಡಿ.

ದುಡ್ಡಿದ್ದವರ ಮಕ್ಕಳನ್ನು ಸೈನ್ಸ್ ಸೆಂಟರಿಗೆ, ವಿಮಾನ ನಿಲ್ದಾಣ ನೋಡಲು ಕರೆದುಕೊಂಡು ಹೋಗುತ್ತಾರೆ. ನಮ್ಮ ಮಕ್ಕಳನ್ನು ಹೊಲಕ್ಕೆ, ಮಗ್ಗಕ್ಕೆ, ನೀರಿನ ಟಾಕಿಗೆ. ಹೊಲ ಅವನು ನೋಡಿಲ್ಲವೇ? ಭಾನುವಾರ ನನ್ನ ಜೊತೆ ಕಳೆ ತೆಗೆಯಲು ಬರುತ್ತಾನೆ. ಅದನ್ನೇ ಶಾಲೆಯವರೂ ತೋರಿಸಿದರೆ ನಾನು ಶಾಲೆಗೆ ಯಾಕೆ ಕಳಿಸಬೇಕು? ಈ ಹೊಲ ಅವನಿಗೆ ಬೇಡ ಅಂತಲೇ ಕಳಿಸುತ್ತಿರುವುದು.

ನವನಗರದ ಅಪ್ಪ

ಅಕ್ಕಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಮಗಳ ಶಾಲೆಯವರು "ರೈತನ ಜೊತೆ ಒಂದು ದಿನ" ಅಂತ ದುಡ್ಡು ಕಟ್ಟಿಸಿಕೊಂಡು ಹೊಲಕ್ಕೆ ಕರೆದುಕೊಂಡು ಹೋಗಿದ್ದರು. ಟೋಪಿ ಬೇರೆ ಕೊಟ್ಟಿದ್ದರು.

ಬಿಳಿಜೋಳ

ಕೆರೂರಿನ ಅಕ್ಕಾ, ನಿಮ್ಮ ಮಾತು ಒರಟಲ್ಲ. ನನ್ನ ಯೋಜನೆಯಲ್ಲಿ ಎಳ್ಳ ಅಮಾವಾಸ್ಯೆಗೆ ಎರೆ ಹೊಲಕ್ಕೆ ಹೋಗುವುದಿತ್ತು. ಚರಗ ಚೆಲ್ಲುವ (ಹೊಲಕ್ಕೆ ಎಡೆ ಅರ್ಪಿಸುವ) ದಿನ, ಬೆಳೆ ನಿಂತಿರುತ್ತದೆ, ಬಿಳಿಜೋಳ, ಕಡಲೆ, ಕುಸುಬೆ, ಅಗಸೆ ಎಲ್ಲ ಎಣಿಸಬಹುದು ಅಂದುಕೊಂಡಿದ್ದೆ. ಆದರೆ ಅವತ್ತು ಮಕ್ಕಳು ಮನೆಯವರ ಜೊತೆ ಹೇಗೂ ಹೋಗುತ್ತಾರೆ. ಶಾಲೆ ಅದನ್ನೇ ಮತ್ತೆ ಮಾಡಬೇಕಿಲ್ಲ. ಹೋಗಿ ಬಂದ ಮರುದಿನ ತರಗತಿಯಲ್ಲಿ ಮಾತಾಡಿದರೆ ಸಾಕು. ಯಾರ ಹೊಲದಲ್ಲಿ ಏನೇನಿತ್ತು ಅಂತ ಕಂಬಚಿತ್ರ ಬರೆದರೆ ಗಣಿತವೂ ಆಯಿತು, ನಡಿಗೆಯೂ ಉಳಿಯಿತು.

ಶಾಲೆ ಕರೆದುಕೊಂಡು ಹೋಗುವ ಜಾಗ ಮಾತ್ರ ಬೇರೆ ಇರಬೇಕು. ಮಗು ತಾನಾಗಿ ಹೋಗಲಾರದ್ದು, ಮನೆಯವರು ಕರೆದುಕೊಂಡು ಹೋಗದಿರುವುದು. ಅದು ದೂರವೇ ಇರಬೇಕು ಅಂತೇನಿಲ್ಲ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಮೇಣಬಸದಿ (ಬಾದಾಮಿಯ ಗುಹಾ ದೇವಾಲಯಗಳು) ಹತ್ತಿಲ್ಲ, ಗೊತ್ತಾ? ಬನಶಂಕರಿ ಜಾತ್ರೆಗೆ ಬಾದಾಮಿಯ ಮೇಲೆಯೇ ಹೋಗುತ್ತಾರೆ, ಬಸದಿ ಕೆಳಗಿನಿಂದ ನೋಡಿದ್ದಷ್ಟೇ. ಬ್ಯಾಂಕಿನ ಒಳಗೆ ಕಾಲಿಟ್ಟಿಲ್ಲ. ಅಂಚೆ ಕಚೇರಿಯಲ್ಲಿ ಒಂದು ಕಾಗದ ಹಾಕಿ, ಅದು ತಮ್ಮ ಮನೆಗೇ ಬಂದು ಮುಟ್ಟಿದ್ದನ್ನು ನೋಡಿಲ್ಲ. ಹತ್ತಿರ ಅನ್ನುವುದನ್ನೇ ಹಿಡಿದುಕೊಂಡು ಕೂತಿದ್ದೆ. ಹತ್ತಿರವೂ ಆಗಬೇಕು, ಹೊಸದೂ ಆಗಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಮಗ್ಗದ ಮನೆಗೆ ಹೋಗುವುದು ನೇಕಾರರಾಗಿ ಅಂತಲ್ಲ. ಆ ಹುಡುಗಿ ಕೇಳಿದ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ, ಶಿಕ್ಷಕರಿಗೂ ಹೊಳೆದಿರಲಿಲ್ಲ.

ಕೆಂಪುಕಲ್ಲು (ಬಾದಾಮಿ)

ಅಕ್ಕೋರೆ, ಮೇಣಬಸದಿಗೆ ಬರುವುದಾದರೆ ಇಲ್ಲಿಯವನಾಗಿ ಕೆಲವು ಮಾತು.

15 ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟಿಕೆಟ್ ಇಲ್ಲ. ಐಹೊಳೆ, ಪಟ್ಟದಕಲ್ಲು, ಗೋಳಗುಮ್ಮಟ, ಎಲ್ಲಾ ಕಡೆ ಹಾಗೇ. ಇಲ್ಲಿನ ಮ್ಯೂಸಿಯಂಗೆ ಶುಕ್ರವಾರ ರಜೆ. ಎಷ್ಟೋ ಶಾಲೆಗಳು ಶುಕ್ರವಾರ ಬಂದು ಬಾಗಿಲು ನೋಡಿಕೊಂಡು ಹೋಗುತ್ತವೆ. ಮಂಗಗಳ ಕಾಟ ಹೇಳತೀರದು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ.

ಇನ್ನು ಕೆಲಸ. ಮೊದಲ ಗುಹೆಯ ಹೊರಗೆ ನಟರಾಜನಿದ್ದಾನೆ, 18 ಕೈ. "ಹದಿನೆಂಟು ಕೈ ಇವೆ" ಅಂತ ನೀವು ಹೇಳಬೇಡಿ. ಎಣಿಸಲು ಬಿಡಿ. ಹದಿನಾರು ಅನ್ನುವವರು, ಇಪ್ಪತ್ತು ಅನ್ನುವವರು, ಎಲ್ಲ ಇರುತ್ತಾರೆ. ಮತ್ತೆ ಎಣಿಸುತ್ತಾರೆ. ಯಾವ ಕೈಯಲ್ಲಿ ಏನಿದೆ ಅಂತ ನೋಡುತ್ತಾರೆ. ಒಂದೇ ಶಿಲ್ಪದ ಮುಂದೆ ಮಕ್ಕಳು ಅಷ್ಟು ಹೊತ್ತು ನಿಲ್ಲುವುದನ್ನು ಗೈಡುಗಳೂ ನಿಂತು ನೋಡುತ್ತಾರೆ. ಮೂರನೇ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಇಸವಿ ಬಾಯಿಪಾಠ ಮಾಡಿಸುವುದಕ್ಕಿಂತ, ಇಷ್ಟು ವರ್ಷ ಹಳೆಯದು ಅನ್ನುವುದನ್ನು ಒಂದು ಹಗ್ಗದ ಮೇಲೆ ತೋರಿಸಿ. ಒಂದು ಗೇಣಿಗೆ ನೂರು ವರ್ಷ. ಅಜ್ಜಿ ಹುಟ್ಟಿದ್ದು ಒಂದು ಗೇಣಿನೊಳಗೇ ಬರುತ್ತದೆ, ಮಂಗಳೇಶ ಮಾತ್ರ ಹದಿನಾಲ್ಕು ಗೇಣು ದಾಟಿದ ಮೇಲೆ ಸಿಗುತ್ತಾನೆ.

ಕಲ್ಲನ್ನೂ ಮುಟ್ಟಿ ನೋಡಲಿ. ಶಿಲ್ಪವನ್ನಲ್ಲ, ಬೆಟ್ಟದ ಬಂಡೆಯನ್ನು. ಮರಳುಗಲ್ಲು, ಪದರ ಪದರ ಕಾಣುತ್ತದೆ. ನೀರು ತುಂಬಿದ ಗಾಜಿನ ಬಾಟಲಿಗೆ ಮರಳು, ಕೆಮ್ಮಣ್ಣು ಹಾಕಿ ಅಲ್ಲಾಡಿಸಿ ಇಟ್ಟರೆ ಮರುದಿನ ತರಗತಿಯಲ್ಲೇ ಪದರ ಕೂತಿರುತ್ತದೆ.

ಪಟ್ಟದಕಲ್ಲು ಐದನೇ ತರಗತಿಗೆ ಚೆನ್ನ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ ಅನ್ನುವುದು ಬೋರ್ಡಿನಲ್ಲೇ ಇರುತ್ತದೆ, ಅದಕ್ಕೆ ಶಿಕ್ಷಕರು ಬೇಕಿಲ್ಲ. ಎಲ್ಲ ಗುಡಿ ಕಾಣುವ ಕಡೆ ಮಕ್ಕಳನ್ನು ಕೂರಿಸಿ, ಶಿಖರಗಳ ಹೊರಗೆರೆ ಮಾತ್ರ ಬರೆಯಲು ಹೇಳಿ. ಮೆಟ್ಟಿಲಿನಂತೆ ಏರುವವು ಯಾವುವು, ಬಾಗಿ ಏರುವವು ಯಾವುವು? ಯಾರೂ ಹೇಳದೇನೇ ಎರಡು ಗುಂಪು ಮಾಡುತ್ತಾರೆ. ವಿರೂಪಾಕ್ಷ ಗುಡಿ ಒಂದು ಗುಂಪಿಗೆ, ಕಾಶಿ ವಿಶ್ವನಾಥ ಇನ್ನೊಂದಕ್ಕೆ. ಪಾಪನಾಥ ಗುಡಿಯ ಹೊರಗೋಡೆಯಲ್ಲಿ ರಾಮಾಯಣವಿದೆ. ಕಥೆ ಗೊತ್ತಿರುವ ಮಕ್ಕಳು ತಾವೇ ಹುಡುಕುತ್ತಾರೆ.

ಒಂದೇ ದಿನಕ್ಕೆ ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ ಅಂತ ಪಟ್ಟಿ ಹಾಕಿಕೊಂಡು ಬರುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ.

ಒಣದ್ರಾಕ್ಷಿ (ತಿಕೋಟಾ)

ಹೊರಗೆ ಹೋಗದೇನೂ ಆಗುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ನಮ್ಮ ಕಡೆ ದ್ರಾಕ್ಷಿ. ತಕ್ಕಡಿಯಲ್ಲಿ ತೂಗಿ, ಜಾಲರಿಯ ಮೇಲೆ ಹರಡಿ, ದಿನಾ ಅದೇ ಹೊತ್ತಿಗೆ ಮತ್ತೆ ತೂಗಲಿ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಅಂತ ನಮ್ಮ ಲೆಕ್ಕ. ಕಾಲು ಭಾಗ ಅಂದರೆ ಏನು ಅಂತ ಆಮೇಲೆ ಯಾರೂ ಹೇಳಿಕೊಡಬೇಕಿಲ್ಲ. ಶಾಲೆಯಲ್ಲಿ ಮಾತ್ರ ಅಷ್ಟು ಬರುವುದಿಲ್ಲ, ನಡುವೆ ತಿಂದಿರುತ್ತಾರೆ. ಅದನ್ನೂ ಲೆಕ್ಕ ಹಾಕಿಸಿ.

ಒಣಗಿಸುವ ಶೆಡ್ಡಿಗೆ ಕರೆತರುವುದಾದರೆ ಅದ್ದುವ ದ್ರಾವಣದ ತೊಟ್ಟಿಯಿಂದ, ಗಂಧಕದ ಹೊಗೆ ಹಾಕುವ ಕೋಣೆಯಿಂದ ಮಕ್ಕಳನ್ನು ದೂರ ಇಡಿ. ಕೆಮ್ಮು ಹತ್ತಿದರೆ ಬೇಗ ಬಿಡುವುದಿಲ್ಲ.

ಗೋಕಾಕದ ಕರದಂಟು

ನಮ್ಮ ಕಡೆಯೂ ಬನ್ನಿ ಅನ್ನುತ್ತಿದ್ದೆ. ಆದರೆ ಮಳೆಗಾಲದಲ್ಲಿ ಜಲಪಾತದ ಬಂಡೆಯ ಹತ್ತಿರ ಚಿಕ್ಕ ಮಕ್ಕಳನ್ನು ತರಲೇಬೇಡಿ. 52 ಮೀಟರ್ ಕೆಳಗೆ ಬೀಳುತ್ತದೆ ನೀರು. ಬೇಸಿಗೆಯಲ್ಲಿ ತಂದರೆ ನೀರೇ ಇರುವುದಿಲ್ಲ. ಬಂದವರು ಗೋಕಾಕದ ಕಟ್ಟಿಗೆಯ ಹಣ್ಣು, ಗೊಂಬೆ ಮಾಡುವವರನ್ನು ನೋಡಿ ಹೋಗಿ. ಬಣ್ಣ ಹಚ್ಚುವ ಕೆಲಸ ಮಕ್ಕಳಿಗೂ ಕೊಡುತ್ತಾರೆ, ಮೊದಲೇ ಹೇಳಿದರೆ.

ಎಸ್‌ಡಿಎಂಸಿ ಕಾಕಾ (ಬೀಳಗಿ ತಾಲ್ಲೂಕು)

ಶಾಲೆಯವರೆಲ್ಲ ಮಾತಾಡಿದಿರಿ, ನಾನು ಊರಿನ ಕಡೆಯಿಂದ ಹೇಳುತ್ತೇನೆ.

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ಮೊದಲು ನಿಲ್ಲಿಸಿ. ಪುಕ್ಕಟೆ ಸಿಗುತ್ತದೆ ಅಂತ ಎಲ್ಲರೂ ಮಾಡುತ್ತಾರೆ. ಸಾರಿಗೆ ಬಸ್ಸನ್ನು ಕರಾರಿನ ಮೇಲೆ ತೆಗೆದುಕೊಳ್ಳಿ. ಪೋಷಕರ ಒಪ್ಪಿಗೆ ಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಹಗಲಲ್ಲೇ ಹೋಗಿ ಹಗಲಲ್ಲೇ ಬರುವುದು. ದುಡ್ಡು ಕಡಿಮೆ ಬಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಿನಲ್ಲಿ ಕೇಳಿ. ಗುಡಿಯ ಬಣ್ಣಕ್ಕೆ ಪಟ್ಟಿ ಹಾಕುವ ಊರು ಮಕ್ಕಳ ಬಸ್ಸಿಗೂ ಹಾಕುತ್ತದೆ. ಕೇಳುವವರು ಬೇಕು.

ನಮ್ಮ ಶಾಲೆಯಲ್ಲಿ ನಡೆದ ಒಂದು ಕೆಲಸ. ಮಳೆಗಾಲ ಶುರುವಾದ ಮೇಲೆ ಪೇಪರಿನಲ್ಲಿ ದಿನಾ ಜಲಾಶಯದ ಮಟ್ಟ ಬರುತ್ತದೆ. ಆಲಮಟ್ಟಿಯ ತುಂಬಿದ ಮಟ್ಟ 519.60 ಮೀಟರ್. ಐದನೇ ತರಗತಿಯವರು ದಿನಾ ಆ ಅಂಕಿಯನ್ನು ಗೋಡೆಯ ಹಾಳೆಯ ಮೇಲೆ ಗುರುತು ಮಾಡಿದರು. ದಶಮಾಂಶ ಕಲಿಸಲು ಗುರುಗಳಿಗೆ ಬೇರೆ ಲೆಕ್ಕವೇ ಬೇಕಾಗಲಿಲ್ಲ. "ಎಲ್ಲಿಂದ 519 ಮೀಟರ್?" ಅಂತ ಒಬ್ಬ ಕೇಳಿದ. ಸಮುದ್ರದಿಂದ ಅಂದರೆ "ಸಮುದ್ರ ಎಲ್ಲೈತ್ರಿ ಇಲ್ಲಿ?" ಅಂದ. ಮಹಾರಾಷ್ಟ್ರದಲ್ಲಿ ಮಳೆ ಆದ ಕೆಲವು ದಿನಕ್ಕೆ ಗೆರೆ ಏರುವುದು ಕಂಡ ಮೇಲೆ ನಕಾಶೆಯಲ್ಲಿ ಕೃಷ್ಣೆಯನ್ನು ಮೇಲಕ್ಕೆ ಹುಡುಕಿಕೊಂಡು ಮಹಾಬಳೇಶ್ವರದವರೆಗೆ ಹೋದರು. ಹಿನ್ನೀರಿನ ಊರಿನವರಿಗೆ ಇದು ಬರೀ ಪಾಠ ಅಲ್ಲ. ಮಟ್ಟ 524.256 ಮೀಟರಿಗೆ ಏರಿಸುವ ಮಾತು ಮನೆಮನೆಯಲ್ಲೂ ಇದೆ. ಮಕ್ಕಳು ಅದನ್ನು ಕೇಳಿಯೇ ಬೆಳೆಯುತ್ತಿದ್ದಾರೆ.

ಇನ್ನು ಮಕ್ಕಳ ಸಂತೆ. ಎಲ್ಲ ಶಾಲೆಯಲ್ಲೂ ಮಾಡುತ್ತಾರೆ. ಅವ್ವ ಕಾಯಿಪಲ್ಲೆ ಕಟ್ಟಿ ಕೊಡುತ್ತಾಳೆ, ಶಿಕ್ಷಕರೇ ಕೊಳ್ಳುತ್ತಾರೆ, ಎಲ್ಲರಿಗೂ ಲಾಭ. ಅದು ಸಂತೆ ಅಲ್ಲ, ನಾಟಕ. ಮಕ್ಕಳೇ ದುಡ್ಡು ಕೊಟ್ಟು ತರಲಿ, ಮಕ್ಕಳೇ ದರ ಹೇಳಲಿ. ಸಂಜೆ ಕೊತ್ತಂಬರಿ ಬಾಡಿ ಉಳಿದರೆ ನಷ್ಟವನ್ನೂ ಬರೆಯಲಿ.

ಮಕ್ಕಳ ಗ್ರಾಮಸಭೆಗೂ ಹೀಗೇ. ಬರೆದುಕೊಟ್ಟ ಭಾಷಣ ಓದಿಸಬೇಡಿ. ನಮ್ಮಲ್ಲಿ ಮಕ್ಕಳು ಸಂಜೆ ತಂದೆತಾಯಿ ಜೊತೆ ಓಣಿ ಸುತ್ತಿ ಯಾವ ಕಂಬದ ದೀಪ ಉರಿಯುವುದಿಲ್ಲ ಅಂತ ಪಟ್ಟಿ ಮಾಡಿ ಪಂಚಾಯಿತಿಗೆ ಕೊಟ್ಟರು. ಕೆಲವು ಸರಿ ಹೋದವು. ಕೆಲವು ಇನ್ನೂ ಹಾಗೇ ಇವೆ. "ಕೊಟ್ಟರೂ ಆಗಲಿಲ್ಲವಲ್ಲ" ಅಂತ ಮಕ್ಕಳು ಕೇಳುತ್ತಾರೆ. ಮತ್ತೆ ಕೊಡಿ ಅಂದಿದ್ದೇನೆ.

ಇಬ್ಬರೇ ಶಿಕ್ಷಕರು

ಕಾಕಾ, ಜಲಾಶಯದ ಮಟ್ಟದಂಥದ್ದು ಇವತ್ತೇ ಶುರು ಮಾಡಬಹುದು. ಹೊರಗೆ ಕಾಲಿಡಬೇಕಿಲ್ಲ, ಅನುಮತಿ ಬೇಕಿಲ್ಲ. ನಾನು ಬಾಗಲಕೋಟೆಯ ಉಷ್ಣಾಂಶದಿಂದ ಮಾಡಿ ನೋಡುತ್ತೇನೆ, ಈಗ ಮಳೆ ಇಲ್ಲ. ನಲ್ಲಿಯ ನಡಿಗೆಗೆ ತಿಂಗಳ ಸಂಭ್ರಮ ಶನಿವಾರ ಇಟ್ಟುಕೊಳ್ಳುತ್ತೇವೆ, ಹೇಗೂ ಅವತ್ತು ಬ್ಯಾಗ್ ಇಲ್ಲ. ಫೋಟೊ ಮಾತ್ರ ತೆಗೆಯುವುದಿಲ್ಲ. ಮೇಲಿನವರು ಕೇಳಿದರೆ ಮಕ್ಕಳು ಬರೆದ ಹಾಳೆ ತೋರಿಸುತ್ತೇನೆ.

ಹಳೇ ಮಾಸ್ತರ

ಹಾಳೆಗಳ ಫೋಟೊ ಇಲ್ಲಿ ಹಾಕಿ. ಅದಕ್ಕೆ ನನ್ನ ತಕರಾರಿಲ್ಲ.

ಬಿಳಿಜೋಳ

ಎಲ್ಲರಿಗೂ ಧನ್ಯವಾದ. ನಾನು ಹೀಗೆ ಮಾಡುತ್ತೇನೆ. ಮೊದಲು ನಲ್ಲಿ, ಟಾಕಿ. ಆಮೇಲೆ ಅಂಚೆ ಕಚೇರಿ, ಮಕ್ಕಳು ತಮ್ಮ ಮನೆಗೇ ಕಾಗದ ಹಾಕುತ್ತಾರೆ. ಡಿಸೆಂಬರ್‌ಗಿಂತ ಮೊದಲು ಮೇಣಬಸದಿ ಮತ್ತು ಮ್ಯೂಸಿಯಂ, ಅಷ್ಟೇ, ಬೇರೆ ಯಾವುದನ್ನೂ ಆ ದಿನಕ್ಕೆ ಸೇರಿಸುವುದಿಲ್ಲ. ಗುಳೇದಗುಡ್ಡದ ಅಣ್ಣನವರ ಮಗ್ಗಕ್ಕೆ ಎರಡು ಗುಂಪಾಗಿ ಬೇರೆ ಬೇರೆ ದಿನ ಬರುತ್ತೇವೆ, ಎಳೆ ಹರಿದರೆ ಅರ್ಧ ದಿನದ ಕೂಲಿ ಶಾಲೆಯದು.

ಕೆರೂರಿನ ಅಕ್ಕಾ, ನೀವು ನಮ್ಮ ಶಾಲೆಯ ಪೋಷಕರಲ್ಲದಿದ್ದರೂ ಕೇಳುತ್ತೇನೆ. ಬಸದಿಯ ದಿನ ನಮ್ಮ ಜೊತೆ ಬರುತ್ತೀರಾ? ಮೆಟ್ಟಿಲಿನ ಮೇಲೆ ಮಕ್ಕಳನ್ನು ನೋಡಿಕೊಳ್ಳಲು ದೊಡ್ಡವರು ಬೇಕು. ಮಗನನ್ನೂ ಕರೆತನ್ನಿ, ಅವನ ಗುರುಗಳಿಗೆ ನಾನೇ ಹೇಳುತ್ತೇನೆ. ಶನಿವಾರ ಅಂದುಕೊಂಡಿದ್ದೇನೆ.

ಕೆರೂರಿನಾಕಿ

ನಾನೂ ಬಸದಿ ಹತ್ತಿಲ್ಲ. ಶನಿವಾರ ಕೂಲಿ ಬಿಟ್ಟು ಬರಲು ಆಗುವುದಿಲ್ಲ ಅಕ್ಕೋರೆ. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಕೆಲಸ ಕಡಿಮೆ. ಸೋಮವಾರ ಆದರೆ ಬರುತ್ತೇನೆ.

ಕೆಂಪುಕಲ್ಲು

ಸೋಮವಾರ ಮ್ಯೂಸಿಯಂ ತೆರೆದಿರುತ್ತದೆ, ಜನವೂ ಕಡಿಮೆ. ಬಿಸಿಲೇರುವ ಮೊದಲು ಬನ್ನಿ. ರೊಟ್ಟಿ ಗಂಟು ಬಸ್ಸಿನಲ್ಲೇ ಇರಲಿ, ಡ್ರೈವರಿಗೆ ಕಿಟಕಿ ಹಾಕಿಕೊಳ್ಳಲು ಹೇಳಿ.

ಬಿಳಿಜೋಳ

ಸೋಮವಾರವೇ ಮಾಡೋಣ ಹಾಗಾದರೆ. ಬಸ್ಸಿನವರ ಹತ್ತಿರ ನಾಳೆ ಮಾತಾಡಿ ಇಲ್ಲೇ ತಿಳಿಸುತ್ತೇನೆ.